ಕಡಲು ದಾಟಿದ ಎಣ್ಣೆಗಾಯಿ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಥರ್ಮೋಕೋಲ್ ಪೆಟ್ಟಿಗೆ ಇದೆ. ಮುಚ್ಚಳದ ಒಂದು ಮೂಲೆ ಮುರಿದಿದೆ. ಸುತ್ತಲೂ ಅಂಟಿಸಿದ್ದ ಕಂದು ಟೇಪು ಅರ್ಧ ಕಿತ್ತು ಜೋತಾಡುತ್ತಿದೆ. ಹಬ್ಬಕ್ಕೆಂದು ಮನೆ ಜಾಡಿಸುವಾಗಲೆಲ್ಲ ನಮ್ಮ ಮನೆಯವರು ಏಣಿ ಹತ್ತಿ, ಅದನ್ನು ಎತ್ತಿ ಹಿಡಿದು, "ಇದನ್ನರ ಒಗದಬಿಡ್ಲೇನ?" ಎಂದು ಕೇಳುತ್ತಾರೆ. "ಒಗೀರಿ. ಅದರ ಸಂಗಾಟ ನೀವೂ ಹೋಗ್ರಿ," ಎಂದು ನಾನು ಕೆಳಗಿನಿಂದ ಹೇಳುತ್ತೇನೆ. ಪೆಟ್ಟಿಗೆ ಮತ್ತೆ ಸ್ವಸ್ಥಾನ ಸೇರುತ್ತದೆ. ಈ ಸಲ ಮಾತ್ರ ನಾನೇ ಅದನ್ನು ಇಳಿಸಿಕೊಂಡು, ಮುಚ್ಚಳ ತೆಗೆದು, ಒಳಗೆ ಮೂಗು ಇಟ್ಟೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇನ್ನೂ ಗುರೆಳ್ಳಿನ ವಾಸನೆ ಇದೆ.

ಈ ಪೆಟ್ಟಿಗೆ ಲಕ್ಷ್ಮೇಶ್ವರದಲ್ಲಿ ತುಂಬಿ, ಹುಬ್ಬಳ್ಳಿಯಲ್ಲಿ ವಿಮಾನ ಹತ್ತಿ, ಅಂಡಮಾನಿನ ಒಂದು ದ್ವೀಪಕ್ಕೆ ಹೋಗಿ ಬಂದದ್ದು. ಜನ ಅಲ್ಲಿಗೆ ಈಜುವ ಬಟ್ಟೆ ಒಯ್ಯುತ್ತಾರೆ, ಕಪ್ಪು ಕನ್ನಡಕ ಒಯ್ಯುತ್ತಾರೆ. ನಾವು ಗುರೆಳ್ಳು ತುಂಬಿ, ಬರ್ಫಗಟ್ಟಿಸಿದ ಬದನೆಕಾಯಿ ಎಣ್ಣೆಗಾಯಿ ಒಯ್ದೆವು. ನಗಬೇಡಿ. ನಿಮ್ಮ ಮನೆಯಲ್ಲೂ ನನ್ನ ಅಕ್ಕನಂಥವರು ಒಬ್ಬರಾದರೂ ಇರುತ್ತಾರೆ.

ಬುತ್ತಿಯ ವಿಷಯದಲ್ಲಿ ನಮ್ಮ ತವರುಮನೆಯೇ ಹಾಗೆ. ನಾವು ಅಡರಕಟ್ಟಿಯವರು. ಅಪ್ಪನ ತಂಗಿಯನ್ನು, ಅಂದರೆ ನಮ್ಮ ಅತ್ತಿಯನ್ನು, ಗದಗಿನ ಹತ್ತಿರದ ಅಸುಂಡಿಗೆ ಕೊಟ್ಟಿತ್ತು. ಬಸ್ಸು ಹತ್ತಿ ಇಳಿದು ಮತ್ತೊಂದು ಹತ್ತಿದರೂ ಅರ್ಧ ದಿನದ ದಾರಿ. ಆದರೆ ಅವ್ವ ಬುತ್ತಿ ಕಟ್ಟುವುದನ್ನು ನೋಡಿದವರು ಇವರು ಕಾಶಿಗೆ ಹೊರಟರು ಎಂದುಕೊಳ್ಳಬೇಕು. ರೊಟ್ಟಿ, ಕೆನೆಮೊಸರಿನಲ್ಲಿ ಕಲಸಿದ ಅನ್ನ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಜೊತೆಗೆ ಕಡಲೆಹಿಟ್ಟಿನ ಜುನಕದ ವಡೆ. ಬಸ್ಸು ಊರ ಅಗಸಿಬಾಗಿಲು ದಾಟುವುದೇ ತಡ, ಅಪ್ಪ, "ಎಲ್ಲೈತಿ ಗಂಟು, ಬಿಚ್ಚ್ರಿ," ಎನ್ನುತ್ತಿದ್ದ. ಅಸುಂಡಿಯಲ್ಲಿ ಇಳಿಯುವ ಹೊತ್ತಿಗೆ ನಮ್ಮ ಹೊಟ್ಟೆ ನಗಾರಿ. ಅತ್ತಿ ಹೋಳಿಗೆ ಮಾಡಿಟ್ಟುಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ನಾವು ಒಂದರ್ಧ ಮುರಿದು ಕೈ ತೊಳೆಯುತ್ತಿದ್ದೆವು. "ನನ್ನ ಕೈಯಾಗಿನ ಅನ್ನಾ ನಿಮಗ ಸೇರೂದಿಲ್ಲ," ಎಂದು ಆಕೆ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಮುಂದಿನ ಸಲವೂ ಅವ್ವ ಅಷ್ಟೇ ಕಟ್ಟುತ್ತಿದ್ದಳು.

ಆ ಗಂಟು ಬಿಚ್ಚಿ ಎಲ್ಲರಿಗೂ ಹಂಚುವ ಕೆಲಸ ಅಕ್ಕನದು. ಅಕ್ಕನೆಂದರೆ ಶಾಂತಕ್ಕ, ನನಗಿಂತ ಬಹಳ ದೊಡ್ಡವಳು. ಆಕೆಗೆ ಆಗಲೇ ಆ ಚಟ ಹತ್ತಿತ್ತು. ಅಪ್ಪನಿಗೆ, ನನಗೆ, ಪಕ್ಕದ ಸೀಟಿನ ಅಜ್ಜನಿಗೆ, ಕಂಡಕ್ಟರನಿಗೆ ಎಲ್ಲರಿಗೂ ಆದ ಮೇಲೆ ಆಕೆ ತಿನ್ನುವುದು. ಮುಂದೆ ಲಕ್ಷ್ಮೇಶ್ವರದ ಕಾಳುಕಡಿ ವ್ಯಾಪಾರದ ಮನೆಗೆ ಹಿರಿಸೊಸೆಯಾಗಿ ಹೋದಳು. ತುಂಬಿದ ಮನೆ. ಭಾವ, ಭಾವನ ತಮ್ಮಂದಿರು, ಅವರ ಮಕ್ಕಳು, ಸಂತೆಗೆ ಬಂದ ಪರಿಚಯದವರು. ಎಲ್ಲರ ಊಟ ಆದ ಮೇಲೆ ಅಕ್ಕ ಅಡುಗೆಮನೆಯ ಮೂಲೆಯಲ್ಲಿ ಪಾತ್ರೆಯ ತಳ ಕೆರೆದುಕೊಂಡು, ತಣ್ಣಗಾದದ್ದನ್ನು ಅರ್ಧ ನಿಂತು ಅರ್ಧ ಕುಂತು ಉಣ್ಣುತ್ತಿದ್ದಳು. ಯಾರೂ ಆಕೆಗೆ ಹಾಗೆ ಮಾಡೆಂದು ಹೇಳಿದ್ದಿಲ್ಲ, ಹಾಗೆ ಮಾಡಬೇಡ ಎಂದೂ ಹೇಳಿದ್ದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಅಕ್ಕ ಒಲೆಯ ಮುಂದೆಯೇ ತಲೆ ತಿರುಗಿ ಬಿದ್ದಳು. ನಾವಿರುವ ಗದಗಿಗೆ ಕರೆತಂದು ತೋರಿಸಿದೆವು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ದೊಡ್ಡ ಬ್ಯಾನಿ ಏನೂ ಇಲ್ರಿ. ಆದ್ರ ಇವ್ರು ಹೊತ್ತಿಗೆ ಸರಿಯಾಗಿ ಉಣ್ಣೂದಿಲ್ಲ, ಕುಂಡ್ರೂದಿಲ್ಲ. ಹಿಂಗ ನಡದ್ರ ಮುಂದ ತ್ರಾಸ ಐತಿ. ಒಂದಿಷ್ಟು ದಿನ ಒಲಿ ಮುಂದಿಂದ ಎಬ್ಬಸ್ರಿ," ಎಂದರು. ಮಂಚದ ಮೇಲೆ ಮಲಗಿದ ಅಕ್ಕನನ್ನು ನೋಡಿದೆ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನನಗೆ ಹೆದರಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಎಂದು ಗೊತ್ತಾಗದೆ ನಮ್ಮ ಮನೆಯವರ ಮೇಲೆ ಹಾಯ್ದೆ. ಅವರಿಗೆ ರೂಢಿಯಿದೆ.

ಅವತ್ತೇ ನಿರ್ಧಾರ ಮಾಡಿದೆ. ಅಕ್ಕನನ್ನು ಯಾವ ನೆಂಟರೂ ಇಲ್ಲದ, ಯಾವ ಒಲೆಯೂ ಆಕೆಯದಲ್ಲದ ಊರಿಗೆ ಒಯ್ಯಬೇಕು. ಒಂದೇ ಒಂದು ಸಲ ಆಕೆಯನ್ನು ಕೂಡಿಸಿ, ಬೇರೆಯವರು ಮಾಡಿದ ಬಿಸಿ ಅಡುಗೆಯನ್ನು ಆಕೆಯ ತಾಟಿಗೆ ಬಡಿಸಬೇಕು. ನನ್ನ ಆಸೆ ಇಷ್ಟೇ. ಧಾರವಾಡ ಬೇಡ, ಅಲ್ಲಿ ನೆಂಟರಿದ್ದಾರೆ. ಗೋಕರ್ಣ ಬೇಡ, ಅರ್ಧ ಲಕ್ಷ್ಮೇಶ್ವರ ಅಲ್ಲೇ ಸಿಗುತ್ತದೆ. ನಮ್ಮ ಮನೆಯವರು ನಕಾಶೆ ಬಿಚ್ಚಿ, "ಅಂಡಮಾನಕ್ಕ ಹೋದ್ರ? ಸುತ್ತಲೂ ನೀರು. ಶಾಂತಕ್ಕ ಓಡಿ ಬರಾಕಾಗೂದಿಲ್ಲ," ಎಂದರು. ಮದುವೆಯಾದ ಮೇಲೆ ಅವರು ಆಡಿದ ಜಾಣ ಮಾತುಗಳಲ್ಲಿ ಇದೂ ಒಂದು.

ಅಕ್ಕ ಒಪ್ಪಿದಳು, ಆಶ್ಚರ್ಯ. ಹೊರಡುವ ಹಿಂದಿನ ವಾರ ಲಕ್ಷ್ಮೇಶ್ವರಕ್ಕೆ ಹೋಗಿ ನೋಡಿದಾಗ ಆಕೆ ಯಾಕೆ ಒಪ್ಪಿದ್ದಳೆಂದು ತಿಳಿಯಿತು. ನಡುಮನೆಯಲ್ಲಿ ಬದನೆಕಾಯಿಯ ಗುಡ್ಡೆ. ಪಡಸಾಲೆಯಲ್ಲಿ ಹಳೆ ಧೋತರ ಹಾಸಿ ರೊಟ್ಟಿ ಒಣಹಾಕಿದ್ದಳು.

"ಏನಕ್ಕಾ ಇದು?"

"ಬುತ್ತಿ. ಮತ್ತ ನೀರಾಗಿನ ಊರಾಗ ಏನ್ ಉಣ್ಣೂದು? ಅಲ್ಲಿ ಬರೇ ಮೀನಂತ."

"ಯಕ್ಕಾ, ನಿನಗ ಅಡಗಿ ಬಿಡಸಾಕಂತ ಕರಕೊಂಡ ಹೊಂಟೇನಿ!"

"ಅಲ್ಲಿ ಎಲ್ಲಿ ಅಡಗಿ ಮಾಡ್ತೇನ? ಎಲ್ಲಾ ಇಲ್ಲೇ ಮಾಡ್ಕೊಂಡ ಹೊಂಟೇನಲಾ," ಎಂದಳು ಅಕ್ಕ.

ನಾನೂ ಸೆರಗು ಸಿಗಿಸಿ ರೊಟ್ಟಿ ಮಗುಚಲು ಕುಂತೆ.

ಕೆಡದ ಹಾಗೆ ಒಯ್ಯುವುದು ಹೇಗೆ? ಅಕ್ಕನ ಮನೆಯ ಎದುರು ಇಮಾಮಣ್ಣನ ಐಸ್‌ಕ್ರೀಮ್ ಅಂಗಡಿ ಇದೆ. ಅವನ ದೊಡ್ಡ ಫ್ರೀಜರಿನಲ್ಲಿ ಅಕ್ಕ ಒಕ್ಕಲಾದಳು. ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಹೂರಣದ ಉಂಡೆ ಎಲ್ಲವನ್ನೂ ಅವನೇ ಕೊಟ್ಟ ಖಾಲಿ ಐಸ್‌ಕ್ರೀಮ್ ಡಬ್ಬಿಗಳಲ್ಲಿ ತುಂಬಿ ಇಟ್ಟಳು. ನಮಗಷ್ಟೇ ಅಲ್ಲ, ಮನೆಯಲ್ಲಿ ಉಳಿಯುವ ಭಾವನಿಗೂ, ಅವನ ತಮ್ಮಂದಿರಿಗೂ ಬೇರೆ ಬೇರೆ. "ಅಕ್ಕಾರ, ಐಸ್‌ಕ್ರೀಮ್ ಇಡಾಕ ಜಾಗಾನ ಉಳದಿಲ್ರಿ," ಎಂದು ಇಮಾಮಣ್ಣ ತಲೆ ತುರಿಸಿಕೊಂಡ. ಅದರಲ್ಲಿ ಒಂದು ಡಬ್ಬಿ ಕೈತಪ್ಪಿ ಯಾರದೋ ಮನೆಯ ಹುಟ್ಟುಹಬ್ಬಕ್ಕೂ ಹೋಯಿತು. ಕೇಕು ಕತ್ತರಿಸಿ, ಬಟರ್‌ಸ್ಕಾಚ್ ಎಂದು ಮುಚ್ಚಳ ತೆಗೆದರೆ ಒಳಗೆ ಕಲ್ಲಾದ ಬದನೆಕಾಯಿ. ಇಮಾಮಣ್ಣ ಮರುದಿನ ಹೆದರುತ್ತ ಹೆದರುತ್ತ ಕ್ಷಮೆ ಕೇಳಲು ಹೋದನಂತೆ. ಅವರು, "ಅದಿರಲಿ, ಇನ್ನೊಂದು ಡಬ್ಬಿ ಐತೇನ್ರಿ?" ಎಂದರಂತೆ.

ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ, ಡಬ್ಬಿಗಳ ಸುತ್ತ ಬರ್ಫ ತುಂಬಿದ್ದ ಪೆಟ್ಟಿಗೆಯನ್ನು ತಡೆದರು. ಯಂತ್ರದ ಪರದೆಯ ಮೇಲೆ ಸಾಲಾಗಿ ಗುಂಡಗಿನ, ಗಟ್ಟಿಯಾದ ವಸ್ತುಗಳು. ಸಿಪಾಯಿ ಹಿಂದಿಯಲ್ಲಿ ಗಂಭೀರವಾಗಿ ಇದೇನೆಂದು ಕೇಳಿದ. ನಮ್ಮ ಮನೆಯವರ ಹಿಂದಿ ಇಂಥ ಹೊತ್ತಿನಲ್ಲೇ ಕೈಕೊಡುವುದು. "ಬೈಂಗನ್... ಠಂಡಾ ಬೈಂಗನ್," ಎಂದು ಬೆವರಿದರು. ಅಕ್ಕ ನಡುವೆ ನುಗ್ಗಿ, ಸ್ವಚ್ಛ ಲಕ್ಷ್ಮೇಶ್ವರದ ಕನ್ನಡದಲ್ಲಿ, "ಎಣ್ಣಿಗಾಯಿ ತಮ್ಮಾ. ಒಂದು ಡಬ್ಬಿ ಇಟ್ಕೊ. ಬಿಸಿ ಮಾಡ್ಕೊಂಡ ಉಣ್ಣು, ಪಾಪ, ಎಷ್ಟ ಸೊರಗೀದಿ," ಎಂದಳು. ಆತನಿಗೆ ಏನು ತಿಳಿಯಿತೋ, ನಕ್ಕು, ಡಬ್ಬಿ ಮುಟ್ಟದೆ ನಮ್ಮನ್ನು ಬಿಟ್ಟ. ವಿಮಾನ ಏರಿದ ಮೇಲೂ ಅಕ್ಕನಿಗೆ ಅವನದೇ ಚಿಂತೆ.

ಮರುದಿನ ದ್ವೀಪ ಮುಟ್ಟಿದೆವು. ನಾವು ಇಳಿದುಕೊಂಡದ್ದು ದಂಡೆಗೆ ಹತ್ತಿದ ಪುಟ್ಟ ವಸತಿಗೃಹದಲ್ಲಿ. ನಡೆಸುವವರು ಅಲ್ಲೇ ನೆಲೆಸಿದ ಬಂಗಾಳಿ ದಂಪತಿ. ಯಜಮಾನತಿಯ ಹೆಸರು ಮಿನತಿ. ದುಂಡು ಮುಖ, ದೊಡ್ಡ ಕುಂಕುಮ, ಬಿರುಸು ನಡಿಗೆ. ಸಮುದ್ರವನ್ನು ನಾನು ಹೇಗೆ ವರ್ಣಿಸಲಿ? ಹಸಿರೆಂದರೆ ಹಸಿರು, ನೀಲಿಯೆಂದರೆ ನೀಲಿ. ನಾನು ಬಾಯಿ ತೆರೆದು ನಿಂತೆ. ಹಿಂದೆ ಅಕ್ಕ, "ಬರ್ಫ ಕರಗಾಕ ಹತ್ತೇತಿ, ಜಲ್ದಿ ಬರ್ರಿ," ಎಂದು ಕೂಗುತ್ತಿದ್ದಳು.

ಮಿನತಿ ಸಂತೋಷದಿಂದ ತನ್ನ ಫ್ರೀಜರು ತೆರೆದು ತೋರಿಸಿದಳು. ಒಳಗೆ ಸಾಲಾಗಿ ಮಲಗಿದ ಮೀನು. ಒಂದರ ಕಣ್ಣು ನೇರ ಅಕ್ಕನನ್ನೇ ನೋಡುತ್ತಿತ್ತು. ಅಕ್ಕ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. "ಶಿವ ಶಿವಾ! ಇದರ ಮಗ್ಗಲಕ ನನ್ನ ಎಣ್ಣಿಗಾಯಿ? ಆಗೂದಿಲ್ಲವ್ವಾ." ಕೋಣೆಯ ಪುಟ್ಟ ಫ್ರಿಜ್ಜಿನಲ್ಲಿ ಎರಡೇ ಡಬ್ಬಿ ಹಿಡಿದವು. ಕರೆಂಟು ಮನಸ್ಸು ಬಂದಾಗ ಬಂದು, ಬೇಸರವಾದಾಗ ಹೋಗುತ್ತಿತ್ತು. ಕರಗುವ ಮೊದಲೇ ತಿಂದು ಮುಗಿಸುವುದು, ಇದೇ ನಮ್ಮ ಪ್ರವಾಸದ ಕಾರ್ಯಕ್ರಮವಾಯಿತು.

ಇನ್ನು ರೊಟ್ಟಿಯ ಕಥೆ. ಕಡಕ್ ರೊಟ್ಟಿಗೆ ಸಾವಿಲ್ಲ ಎಂಬುದು ನಮ್ಮ ಕಡೆಯವರ ನಂಬಿಕೆ. ಗದಗಿನ ಒಣಹವೆಯಲ್ಲಿ ಅದು ತಿಂಗಳುಗಟ್ಟಲೆ ಗರಿಗರಿಯಾಗಿ ಇರುತ್ತದೆ. ಪುಣ್ಯ ನಮ್ಮ ಹವೆಯದು, ಆದರೆ ಹೆಸರು ರೊಟ್ಟಿಗೆ ಬಂದಿದೆ. ದ್ವೀಪದ ಮೊದಲ ಮುಂಜಾನೆ ಅಕ್ಕ ಗಂಟು ಬಿಚ್ಚಿ ಒಂದು ರೊಟ್ಟಿ ಎತ್ತಿದಳು. ಅದು ಅತ್ತ ಇತ್ತ ಜೋತು ಬಿತ್ತು. ಮುರಿಯಲು ನೋಡಿದಳು, ಮಡಚಿಕೊಂಡಿತು. ಅಕ್ಕನ ಮುಖ ನೋಡಲಾಗಲಿಲ್ಲ. "ಲೇ ಸುಮಿ, ನನ್ನ ರೊಟ್ಟಿಗೆ ಏನಾತಲೇ?" ಎಂದು ನನ್ನನ್ನು ಕೇಳಿದಳು, ಕೂಸಿಗೆ ಜ್ವರ ಬಂದವರ ಧ್ವನಿಯಲ್ಲಿ. ಸಮುದ್ರದ ಗಾಳಿ ತೇವದ್ದು, ಅದು ಉಪ್ಪನ್ನೇ ನೀರು ಮಾಡುತ್ತದೆ ಎಂದು ನಮಗೆ ಯಾರು ಹೇಳಬೇಕು?

ಸರಿ, ದಂಡೆಯ ಮೇಲೆ ಇಳಕಲ್ ಸೀರೆ ಹಾಸಿ, ಅದರ ಮೇಲೆ ರೊಟ್ಟಿ ಹರವಿ, ಅಕ್ಕ ಸಮುದ್ರಕ್ಕೆ ಬೆನ್ನು ಹಾಕಿ, ತೆಂಗಿನ ಗರಿ ಹಿಡಿದು ಕಾಗೆ ಕಾಯುತ್ತ ಕುಂತಳು. ಪ್ರವಾಸಿಗರು ಇದೇನೋ ಇಲ್ಲಿಯ ಪದ್ಧತಿ ಎಂದು ತಿಳಿದು ಫೋಟೊ ತೆಗೆದುಕೊಂಡರು. ನಾನು ಹೋಗಿ, "ಒಂದ್ಸಲ ಹಿಂದ ಹೊಳ್ಳಿ ನೋಡ ಯಕ್ಕಾ, ಎಷ್ಟ ಚಂದ ಐತಿ," ಎಂದೆ. "ನೋಡ್ತೇನ ತಗೊ, ಅದೇನ ಓಡಿ ಹೋಗ್ತೈತೇನ? ರೊಟ್ಟಿ ಕಾಗಿ ಒಯ್ತಾವು," ಎಂದಳು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಇಷ್ಟು ದೂರ ಕರೆತಂದೆ, ಆಕೆ ಬಂದದ್ದು ಮಾತ್ರ ಲಕ್ಷ್ಮೇಶ್ವರದ ಅಡುಗೆಮನೆಯಿಂದ ದ್ವೀಪದ ಅಡುಗೆಮನೆಗೆ. ಹೊತ್ತು ಹೊತ್ತಿಗೆ ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಆಕೆಯೇ ಬಿಸಿ ಮಾಡುವುದು, ಆಕೆಯೇ ನಮಗೆ ಬಡಿಸುವುದು, ಉಳಿದದ್ದನ್ನು ನಿಂತುಕೊಂಡೇ ತಿನ್ನುವುದು. ಆ ಮಧ್ಯಾಹ್ನ ಅಕ್ಕ ಒಂದು ಗಳಿಗೆ ಗೋಡೆ ಹಿಡಿದು ನಿಂತದ್ದನ್ನು ನಾನು ನೋಡಿದೆ. "ಏನಿಲ್ಲ ಬಿಡು, ಬಿಸಲಿಗೆ," ಎಂದಳು. ನನಗೆ ಡಾಕ್ಟರ ಮಾತು ನೆನಪಾಯಿತು.

ಅದರ ಮರುದಿನ ಬೆಳಿಗ್ಗೆ ಎದ್ದಾಗ ಪೆಟ್ಟಿಗೆಯಲ್ಲಿ ಬರ್ಫವೆಲ್ಲ ನೀರಾಗಿತ್ತು. ಅಡುಗೆ ಇನ್ನೂ ಕೆಟ್ಟಿರಲಿಲ್ಲ, ಆದರೆ ಸಂಜೆಯತನಕ ತಡೆಯುವಂತಿರಲಿಲ್ಲ. ಅನ್ನ ಚೆಲ್ಲುವುದೆಂದರೆ ಅಕ್ಕನಿಗೆ ಜೀವ ಹೋದ ಹಾಗೆ. ಸೊಂಟಕ್ಕೆ ಸೆರಗು ಸಿಗಿಸಿದಳು. ಎಲ್ಲವನ್ನೂ ಕುದಿಯುವಂತೆ ಬಿಸಿ ಮಾಡಿ, ಅಂಗಳದಲ್ಲಿ ಕೂತ ಪುಣೆಯ ಹೊಸ ಮದುವೆಯ ಜೋಡಿಗೆ, ದೋಣಿ ನಡೆಸುವವರಿಗೆ, ತೆಂಗಿನಕಾಯಿ ಮಾರುವವಳಿಗೆ, ಎಲ್ಲರಿಗೂ ರೊಟ್ಟಿಯ ಮೇಲೆ ಎಣ್ಣೆಗಾಯಿ ಇಟ್ಟು ಕೊಟ್ಟಳು. ಪುಣೆಯ ಹುಡುಗಿ, "ಭಾಕರಿ!" ಎಂದು ರೊಟ್ಟಿಯ ಮರಾಠಿ ಹೆಸರು ಕಿರುಚಿ ಅಕ್ಕನ ಕೊರಳಿಗೇ ಬಿದ್ದಳು. ಒಂದು ಸ್ಟೀಲ್ ಡಬ್ಬಿಯಲ್ಲಿ ಎಣ್ಣೆಗಾಯಿ, ಮೇಲೆ ನಾಲ್ಕು ಹೂರಣದ ಉಂಡೆ ಇಟ್ಟು ಮಿನತಿಯ ಮನೆಗೂ ಕಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆ ಖಾಲಿ.

ಖಾಲಿ ಪೆಟ್ಟಿಗೆಯ ಮುಂದೆ ಅಕ್ಕ ಕೈ ಕಳೆದುಕೊಂಡವಳಂತೆ ಕುಂತಳು. "ಈಗ ಸಂಜೀಗೆ ಏನ ಮಾಡೂದು? ನಿಮಗ ಏನ ಹಾಕ್ಲಿ?" ಎಂದು ಕೇಳಿದಳು. "ನಮಗ ಮಿನತಿ ಹಾಕ್ತಾಳ. ನೀ ಏನ ಉಣ್ತಿ ಹೇಳು," ಎಂದೆ. "ನಾ ಬಾಳಿಹಣ್ಣ ತಿಂದ ಮಲಗ್ತೇನ. ಮೀನಿನ ಒಲಿದು ನಾ ಒಲ್ಲೆ." ಬೈದೆ, ರಮಿಸಿದೆ, ಮಾತು ಬಿಟ್ಟೆ. ಅಕ್ಕ ಹಟ ಬಿಡಲಿಲ್ಲ. ಉಳಿದ ದಿನಗಳೆಲ್ಲ ಈಕೆ ಬಾಳೆಹಣ್ಣಿನ ಮೇಲೆ ಕಳೆದರೆ ಇಲ್ಲೇ ಮತ್ತೆ ಬೀಳುತ್ತಾಳೆ ಎಂದು ನನಗೆ ಖಾತ್ರಿಯಾಯಿತು. ಊರಿಗೆ ತಿರುಗಿ ಹೋಗಿಬಿಡೋಣ ಎಂದು ನಮ್ಮ ಮನೆಯವರಿಗೆ ಹೇಳಿಯೂ ಬಿಟ್ಟೆ.

ಬಿಸಿಲು ಇಳಿಯುವ ಹೊತ್ತಿಗೆ ಮಿನತಿ ಬಂದಳು. ಕೈಯಲ್ಲಿ ಅಕ್ಕನ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದು ಅಕ್ಕನ ಮುಂದೆ ಹಿಡಿದಳು. ಒಳಗೆ ಹೊಗೆಯಾಡುವ ಅಕ್ಕಿ ಪಾಯಸ.

ಅಕ್ಕ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ತುಂಬಿ ಕೊಟ್ಟ ಪಾತ್ರೆಯನ್ನು ಖಾಲಿ ತಿರುಗಿಸಬಾರದು, ಕಡೆಗೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು, ಹಾಗೆ ತುಂಬಿ ಬಂದದ್ದನ್ನು ಒಲ್ಲೆನ್ನಬಾರದು. ಇದು ನಮ್ಮ ಓಣಿಯ ಕಾಯಿದೆ. ಹಾಗೆ ಒಲ್ಲೆನ್ನುವುದೆಂದರೆ, ನಿನಗೂ ನನಗೂ ಇನ್ನು ಕೊಡುಕೊಳ್ಳುವ ಬಳಕೆ ಇಲ್ಲ ಎಂದು ಮುಖದ ಮೇಲೆ ಹೇಳಿದ ಹಾಗೆ. ಇಮಾಮಣ್ಣನ ಹೆಂಡತಿ ರಮಜಾನಿಗೆ ಶಾವಿಗೆಯ ಶೀರಖುರ್ಮಾ ತುಂಬಿ ಡಬ್ಬಿ ತಿರುಗಿಸಿದಾಗ ಅಕ್ಕ ಒಂದು ವರ್ಷವೂ ಒಲ್ಲೆ ಎಂದವಳಲ್ಲ. ಈ ಕಾಯಿದೆ ಸಮುದ್ರದ ಆಚೆಯೂ ಇದೆ ಎಂದು ಪಾಪ ಆಕೆಗೆ ಹೊಳೆದಿರಲಿಲ್ಲ.

ಮಿನತಿ ಹಿಂದಿಯಲ್ಲಿ ಸಾವಕಾಶವಾಗಿ ಹೇಳಿದಳು, ನಾನು ಅಕ್ಕನಿಗೆ ಕನ್ನಡ ಮಾಡಿದೆ. ಅವಳ ಅತ್ತೆ ವಿಧವೆ. ಅವರ ಪದ್ಧತಿಯಂತೆ ಮೀನು ಮುಟ್ಟುವುದಿಲ್ಲ. ಮನೆಯ ಹಿಂದೆ ಅತ್ತೆಗೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಸೌಟು. ಪಾಯಸ ಅಲ್ಲಿ ಮಾಡಿದ್ದು. ಊಟವೂ ಅಲ್ಲೇ ಆಗಿದೆ, ಬರಬೇಕು.

"ಏನ ಮಾಡ್ಲಿ ಸುಮಿ?" ಎಂದಳು ಅಕ್ಕ.

"ನನಗೇನ ಕೇಳ್ತಿ? ಒಲ್ಲೆ ಅನ್ನು, ನೋಡೂಣಂತ," ಎಂದೆ.

ಅಕ್ಕ ಎದ್ದು ಸೀರೆಯ ನಿರಿಗೆ ಸರಿಮಾಡಿಕೊಂಡಳು.

ಹಿತ್ತಲಲ್ಲಿ ಚಾಪೆ ಹಾಸಿತ್ತು. ಮಿನತಿಯ ಅತ್ತೆ, ಬಿಳಿ ಸೀರೆಯ ಸಣಕಲು ಮುದುಕಿ, ಹಲ್ಲಿಲ್ಲದ ಬಾಯಲ್ಲಿ ನಕ್ಕು ಜಾಗ ತೋರಿಸಿದಳು. ಬಿಸಿ ಅನ್ನ, ತೆಳ್ಳಗಿನ ಬೇಳೆ, ಅಗಲಕ್ಕೆ ಹೆಚ್ಚಿ ಕರಿದ ಬದನೆಕಾಯಿ ಎಲ್ಲ ಎದುರಿಗಿತ್ತು. ನಾನು, ನಮ್ಮ ಮನೆಯವರು ಕುಂತೆವು. ಅಕ್ಕ ಕುಂತ ಹಾಗೆ ಮಾಡಿ, ಎದ್ದು, ಸೌಟಿಗೆ ಕೈ ಹಾಕಿದಳು. "ಅವ್ರಿಗೆ ಮೊದಲ ಹಾಕ್ತೇನಿ, ಆಮ್ಯಾಲೆ..." ಮಿನತಿ ಸೌಟು ಕಸಿದುಕೊಂಡಳು. ಇನ್ನೊಂದು ಕೈಯನ್ನು ಅಕ್ಕನ ಹೆಗಲ ಮೇಲಿಟ್ಟು ಕೆಳಕ್ಕೆ ಒತ್ತಿದಳು. ಅಕ್ಕ ಮತ್ತೆ ಏಳಲು ನೋಡಿದಳು. ಮಿನತಿ ಮತ್ತೆ ಒತ್ತಿದಳು. ಬಿರುಸು ಹೆಂಗಸು ಎಂದು ಆಗಲೇ ಹೇಳಿದೆನಲ್ಲ.

ಮೊದಲ ತಾಟು ಅಕ್ಕನ ಮುಂದೆ ಬಂತು. ಅನ್ನದಿಂದ ಹೊಗೆ ಏಳುತ್ತಿತ್ತು. ಅಕ್ಕ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಪರೀಕ್ಷೆಗೆ ಕುಂತ ಹುಡುಗಿಯ ಹಾಗೆ ಅತ್ತಿತ್ತ ನೋಡಿದಳು. ನಾವು ಯಾರೂ ಶುರು ಮಾಡಲಿಲ್ಲ. ನಮ್ಮ ಮನೆಯವರು ಬೇಕೆಂತಲೇ ಆಕಾಶ ನೋಡುತ್ತ ಕುಂತರು. ಕಡೆಗೆ ಅಕ್ಕ ಬೇಳೆ ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಮತ್ತೊಂದು. ಬದನೆಕಾಯಿಯ ಒಂದು ತುಂಡು ಮುರಿದಳು. ಅವಸರವಿಲ್ಲದೆ ಅಗಿದಳು. ನಾನು ನನ್ನ ತಾಟು ಮರೆತು ಆಕೆಯ ಗಂಟಲನ್ನೇ ನೋಡುತ್ತಿದ್ದೆ. ಮಿನತಿ ಸೌಟು ಹಿಡಿದು, ಹೇಗಾಗಿದೆ ಎಂದು ಕಣ್ಣಲ್ಲೇ ಕೇಳಿದಳು.

ಅಕ್ಕ ನುಂಗಿದಳು. ಸ್ವಲ್ಪ ಯೋಚಿಸಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಥೇಟ್ ನಮ್ಮ ಭಾವನ ಹಾಗೆ, "ಬ್ಯಾಳಿಗೆ ಉಪ್ಪು ಒಂಚೂರು ಕಡಿಮಿ ಆಗೈತಿ ನೋಡು," ಎಂದಳು.

ನಮ್ಮ ಮನೆಯವರಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ನನಗೆ ನಗುವಿನ ಜೊತೆಗೇ ಕಣ್ಣಲ್ಲಿ ನೀರು ಬಂತು. ಮದುವೆಯಾದಂದಿನಿಂದ ದಿನವೂ ಈ ಮಾತನ್ನು ಅಕ್ಕ ಸೌಟು ಹಿಡಿದು ನಿಂತು ಕೇಳಿದ್ದಾಳೆ. ಅದನ್ನು ತಾನೇ ಆಡಬೇಕಾದರೆ ಕುಂತು ಉಣ್ಣಬೇಕು, ಬಡಿಸಲು ಇನ್ನೊಬ್ಬರು ಎದುರಿಗೆ ನಿಂತಿರಬೇಕು. ಅದು ಆಕೆಗೆ ಎಂದು ಸಿಕ್ಕಿತ್ತು? ಹೆಸರಿಡುತ್ತಿರುವ ಅಕ್ಕನ ಮುಖದ ಮೇಲೆ ಎಂಥ ನೆಮ್ಮದಿ ಇತ್ತೆಂದರೆ, ಆ ಬೇಳೆಗೆ ಉಪ್ಪು ಕಡಿಮೆ ಹಾಕಿದ ಕೈಗೆ ನಾನು ಮನಸ್ಸಿನಲ್ಲೇ ಶರಣು ಮಾಡಿದೆ.

"ಏನು ಹೇಳಿದರು?" ಎಂದು ಮಿನತಿ ನನ್ನನ್ನು ಕೇಳಿದಳು. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟೆ. ಆಕೆ ಗಹಗಹಿಸಿ ನಕ್ಕು, ಚಿಟಿಕೆ ಉಪ್ಪು ಹಾಕಿ, ಬೇಳೆಯ ಪಾತ್ರೆ ಎತ್ತಿಕೊಂಡು ಬಂದು ಸೌಟು ಬಗ್ಗಿಸಿ ನಿಂತಳು. ಅಕ್ಕ ಸಾಕು ಎನ್ನಲಿಲ್ಲ. ನಮ್ಮ ಕಡೆ ನೋಡಲೂ ಇಲ್ಲ. ತಾಟನ್ನು ಮುಂದಕ್ಕೆ ಸರಿಸಿದಳು.